ಮಾಸ್ತರರನ್ನು ಸಿದ್ಧಗೊಳಿಸಿದ ಮಹನೀಯರು: ಡೆಪ್ಯುಟಿ ಚನ್ನಬಸಪ್ಪನವರು

ಲೋಕದಲ್ಲಿ ಅರಸರ ಹೆಸರು ಶಿಲಾಶಾಸನಗಳಲ್ಲಿ ಉಳಿಯುತ್ತದೆ; ಕವಿಗಳ ಹೆಸರು ಅವರ ಕಾವ್ಯಗಳಲ್ಲಿ ಉಳಿಯುತ್ತದೆ; ಆದರೆ ನಮ್ಮ ಕೈಹಿಡಿದು ಮೊಟ್ಟಮೊದಲು ಅಕ್ಷರ ತಿದ್ದಿಸಿದವರ ಹೆಸರು ನೆನಪಿನಲ್ಲಿ ಉಳಿದರೆ ಉಳಿಯಿತು, ಇಲ್ಲವಾದರೆ ಇಲ್ಲ. ಹೀಗಿರಲು ಆ ಮಾಸ್ತರರಿಗೆ ಕಲಿಸುವ ಬಗೆಯನ್ನು ಕಲಿಸಿದವರು ಯಾರೆಂದು ವಿಚಾರಿಸುವವರು ಇನ್ನೂ ವಿರಳ. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಕನ್ನಡ ಜಿಲ್ಲೆಗಳಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಮೊದಲು ಬರುವ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. ನಮ್ಮ ಶಾಲೆಯಲ್ಲಿ ಕಲಿತ ಎಷ್ಟೋ ಮಂದಿ ಸಹೋದರಿಯರು ಹಳ್ಳಿಯ ಮಕ್ಕಳಿಗೆ ವಿದ್ಯೆ ಹೇಳುವುದನ್ನೇ ತಮ್ಮ ಬಾಳಿನ ಕೆಲಸವನ್ನಾಗಿ ಮಾಡಿಕೊಂಡಿದ್ದಾರೆ. ಇಂದಿಗೂ ಎಷ್ಟೋ ತಂದೆತಾಯಿಗಳು ತಮ್ಮ ಮಗಳು ಶಿಕ್ಷಕಿಯಾಗಲೆಂದು ಆಶಿಸುತ್ತಿದ್ದಾರೆ. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಆ ಮಹನೀಯರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಉಚಿತವೆಂದು ತೋರಿತು.

ಚನ್ನಬಸಪ್ಪನವರು ಹುಟ್ಟಿದ ಕಾಲದ ಸ್ಥಿತಿಯನ್ನು ಅರಿಯದೆ ಅವರ ಕಾರ್ಯದ ಬೆಲೆ ತಿಳಿಯುವಂತಿಲ್ಲ. ೧೮೧೮ರಲ್ಲಿ ಪೇಶವೆಯವರ ರಾಜ್ಯ ಮುಗಿದು ಧಾರವಾಡದ ಸೀಮೆಯು ಇಂಗ್ಲಿಷರ ಕೈಸೇರಿತು. ವಿಜಾಪುರದ ಸುತ್ತಲಿನ ಪ್ರದೇಶವಾದರೋ ೧೮೪೮ರವರೆಗೆ ಸಾತಾರೆಯ ರಾಜರ ಆಳ್ವಿಕೆಯಲ್ಲಿದ್ದಿತು. ಆಳುವವರು ಬದಲಾದರೂ ಕಚೇರಿಯ ಭಾಷೆ ಬದಲಾಗಲಿಲ್ಲ. ದಫ್ತರಗಳೆಲ್ಲ ಮೋಡಿ ಲಿಪಿಯಲ್ಲಿ ಬರೆಯಲ್ಪಡುತ್ತಿದ್ದವು. ಕಾರಕೂನರು ಮರಾಠಿಯಲ್ಲಿ ಮಾತಾಡುತ್ತಿದ್ದರು. ಕನ್ನಡ ನಾಡಿನ ಈ ಭಾಗಕ್ಕೆ ಇಂಗ್ಲಿಷರು ಇಟ್ಟ ಹೆಸರೇ ದಕ್ಷಿಣ ಮರಾಠಾ ದೇಶವೆಂದು. ಸರಕಾರವು ಶಾಲೆಗಳನ್ನು ತೆರೆಯತೊಡಗಿದಾಗ ಅಲ್ಲಿಯೂ ಮರಾಠಿಯೇ ನೆಲೆಗೊಂಡಿತು. ಮನೆಯಲ್ಲಿ ಕನ್ನಡವಾಡುವ ಒಕ್ಕಲಿಗನ ಮಗನು ಶಾಲೆಯ ಹೊಸ್ತಿಲು ದಾಟಿದೊಡನೆ ತಿಳಿಯದ ನುಡಿಯಲ್ಲಿ ಲೆಕ್ಕವನ್ನೂ ಭೂಗೋಳವನ್ನೂ ಬಾಯಿಪಾಠ ಮಾಡಬೇಕಾಗಿತ್ತು. ಹೀಗಾದ ಮೇಲೆ ನಾಲ್ಕು ದಿನ ಬಂದು ಐದನೆಯ ದಿನ ಅವನು ಹೊಲಕ್ಕೆ ಹೋದರೆ ಅದು ಯಾರ ತಪ್ಪು? ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕು ಬಿಡುಗಡೆ ಹೊಂದಿದ ವಾಲ್ಟರ್ ಎಲಿಯಟ್ ಸಾಹೇಬರು ಈ ಅನ್ಯಾಯವನ್ನು ಕಂಡು ಧಾರವಾಡದಲ್ಲಿ ಸ್ವಂತ ವೆಚ್ಚದಿಂದ ಕನ್ನಡ ಶಾಲೆಯನ್ನು ನಡೆಯಿಸಿದರೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ೧೮೩೭ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನವರೂ ಜನರ ನುಡಿಯನ್ನು ಕಲಿತು ಜನರ ನುಡಿಯಲ್ಲಿಯೇ ಶಾಲೆಗಳನ್ನು ಹೂಡಿದರು. ಆದರೂ ಇವೆಲ್ಲ ದೊಡ್ಡ ಕತ್ತಲೆಯಲ್ಲಿ ಹಚ್ಚಿಟ್ಟ ಸಣ್ಣ ಹಣತೆಗಳಂತಿದ್ದವು.

ವಿದ್ಯೆ ಎಂಬುದು ನಮ್ಮ ಸೀಮೆಗೆ ಹೊಸದಾಗಿರಲಿಲ್ಲ. ಇಂಡಿ ತಾಲೂಕಿನ ಸಾಲೋಟಗಿಯನ್ನು ಬಲ್ಲವರು ಈ ಮಾತನ್ನು ಒಪ್ಪುವರು. ಅಲ್ಲಿಯ ಶಾಸನವು ಶಕ ೮೬೭ರದು, ಎಂದರೆ ಕ್ರಿಸ್ತಶಕ ೯೪೫ರದು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಇರಲು ೨೭ ಮನೆಗಳಿದ್ದವು. ಅಧ್ಯಾಪಕನ ಜೀವನಕ್ಕಾಗಿ ೫೦ ನಿವರ್ತನ ಭೂಮಿಯು ಉಂಬಳಿಯಾಗಿತ್ತು. ಊರಿನಲ್ಲಿ ಮದುವೆ, ಮುಂಜಿಗಳಾದಾಗ ಶಾಲೆಗೆ ಇಂತಿಷ್ಟು ಹಣ ಸಲ್ಲಬೇಕೆಂಬ ಕಟ್ಟಳೆಯೂ ಇದ್ದಿತು. ಸಾವಿರ ವರ್ಷಗಳ ಹಿಂದಿನವರು ಶಾಲೆಯನ್ನು ಕಟ್ಟುವಾಗಲೇ ಕಲಿಸುವವನ ಹೊಟ್ಟೆಬಟ್ಟೆಯ ಯೋಚನೆಯನ್ನೂ ಮಾಡಿದ್ದರೆಂಬುದನ್ನು ಗಮನಿಸಬೇಕು. ಆದರೆ ಆ ಶಾಲೆಯು ಶಾಸ್ತ್ರಾಧ್ಯಯನಕ್ಕಾಗಿ ಇದ್ದದ್ದು. ಒಕ್ಕಲಿಗನ ಮಗನಿಗೂ ನೇಕಾರನ ಮಗಳಿಗೂ ಅದರ ಬಾಗಿಲು ತೆರೆದಿರಲಿಲ್ಲ. ಎಲ್ಲ ಮಕ್ಕಳಿಗೂ ತಾಯ್ನುಡಿಯಲ್ಲಿ ಓದುಬರಹವೆಂಬ ವಿಚಾರವು ಹತ್ತೊಂಬತ್ತನೆಯ ಶತಮಾನದ ವಿಚಾರ. ನಮ್ಮ ಭಾಗದಲ್ಲಿ ಅದನ್ನು ಕಾಗದದಿಂದ ನೆಲಕ್ಕೆ ಇಳಿಸಿದವರಲ್ಲಿ ಅಗ್ರಗಣ್ಯರು ಚನ್ನಬಸಪ್ಪನವರು.

ಅವರು ೧೮೩೪ರಲ್ಲಿ ಧಾರವಾಡದಲ್ಲಿ ಜನಿಸಿದರು. ಆ ಕಾಲದ ಪದ್ಧತಿಯಂತೆ ಅವರು ಬಾಲ್ಯದಲ್ಲಿ ಮರಾಠಿಯ ಮೂಲಕವೇ ವಿದ್ಯೆಯನ್ನು ಪಡೆಯಬೇಕಾಯಿತು. ಹೆಚ್ಚಿನ ಓದಿಗೆ ಧಾರವಾಡದಲ್ಲಿ ಅನುಕೂಲವಿಲ್ಲದ್ದರಿಂದ ಪುಣೆಗೆ ತೆರಳಿ ಇಂಗ್ಲಿಷನ್ನು ಕಲಿತರಲ್ಲದೆ ಇಂಜಿನಿಯರಿಂಗ್ ವಿದ್ಯೆಯನ್ನೂ ಅಭ್ಯಾಸಮಾಡಿದರು. ರಸ್ತೆ, ಸೇತುವೆ, ಕೆರೆಕಟ್ಟೆಗಳ ಕೆಲಸಗಳು ಭರದಿಂದ ನಡೆಯುತ್ತಿದ್ದ ಆ ದಿನಗಳಲ್ಲಿ ಇಂಥ ವಿದ್ಯೆ ಕಲಿತ ದೇಶೀಯ ತರುಣರು ಬೆರಳೆಣಿಕೆಯಷ್ಟು. ಮಾನವೂ ಸಂಪಾದನೆಯೂ ಇದ್ದ ಆ ಹಾದಿಯಲ್ಲಿ ಅವರು ಮುಂದುವರಿಯಲಿಲ್ಲ. ವಿದ್ಯಾಖಾತೆಗೆ ಬಂದು ಸೇರಿದರು. ಅವರ ಮನಸ್ಸು ಈ ಕಡೆಗೆ ಏಕೆ ಹರಿಯಿತೆಂಬುದನ್ನು ಅವರ ಮುಂದಿನ ಕೆಲಸವೇ ಹೇಳುತ್ತದೆ. ತಾವು ಬಾಲಕರಾಗಿದ್ದಾಗ ಪಟ್ಟ ತೊಂದರೆಯನ್ನು ಮುಂದಿನ ಕನ್ನಡ ಮಕ್ಕಳು ಪಡಬಾರದೆಂಬಂತೆ ಅವರು ಬಾಳೆಲ್ಲ ದುಡಿದರು.

ವಿದ್ಯಾಖಾತೆಯು ಆಗ ಹೊಸದು. ೧೮೫೪ರಲ್ಲಿ ವಿಲಾಯತಿಯಿಂದ ಬಂದ ವುಡ್ ಸಾಹೇಬರ ವಿದ್ಯಾವಿಷಯಕ ಆಜ್ಞಾಪತ್ರವು ಪ್ರತಿಯೊಂದು ಇಲಾಖೆಯಲ್ಲಿಯೂ ವಿದ್ಯಾಖಾತೆ ಇರಬೇಕೆಂದೂ ದೇಶಭಾಷೆಗಳಲ್ಲಿ ಜನಸಾಮಾನ್ಯರಿಗೆ ಶಿಕ್ಷಣ ದೊರೆಯಬೇಕೆಂದೂ ಮಾಸ್ತರರನ್ನು ಸಿದ್ಧಪಡಿಸುವ ನಾರ್ಮಲ್ ಶಾಲೆಗಳನ್ನು ಸ್ಥಾಪಿಸಬೇಕೆಂದೂ ವಿಧಿಸಿತು. ಅದರಂತೆ ೧೮೫೫ರಲ್ಲಿ ಮುಂಬಯಿಯಲ್ಲಿ ವಿದ್ಯಾಖಾತೆ ಏರ್ಪಟ್ಟಿತು. ಮುಂದೆ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಪಟ್ಟಿಯನ್ನು ಎತ್ತಿ ಅದರ ಮೂರರಲ್ಲೊಂದು ಪಾಲನ್ನು ಶಾಲೆಗಳಿಗೆ ಮೀಸಲಿಡುವ ಏರ್ಪಾಡು ಆಯಿತು. ೧೮೬೯ರ ಕಾಯಿದೆಯಿಂದ ಅದು ಭದ್ರವಾಯಿತು. ಹೀಗೆ ಅಪ್ಪಣೆಯೂ ಬಂದಿತು, ಹಣವೂ ಬಂದಿತು. ಆದರೆ ಅಪ್ಪಣೆಯಾಗಲಿ ಹಣವಾಗಲಿ ಮಗುವಿಗೆ ಅಕ್ಷರವನ್ನು ಕಲಿಸಲಾರದು. ಕನ್ನಡ ಶಾಲೆ ಬೇಕೆಂದರೆ ಕನ್ನಡದಲ್ಲಿ ಕಲಿಸಬಲ್ಲ ಮಾಸ್ತರ ಬೇಕು, ಅಂಥವನು ಎಲ್ಲಿದ್ದನು? ಕನ್ನಡ ಶಾಲೆಗಳನ್ನು ತೆರೆಯಲು ಮಾಸ್ತರರಿಲ್ಲವೆಂಬುದು ಮರಾಠಿ ಶಾಲೆಗಳನ್ನು ಇಟ್ಟುಕೊಳ್ಳುವುದಕ್ಕೆ ಸಿದ್ಧವಾದ ಕಾರಣವಾಗಿಬಿಟ್ಟಿತ್ತು.

ಊರೂರಿನಲ್ಲಿದ್ದ ಕೂಲಿಮಠಗಳ ಪಂತೋಜಿಗಳು ಬಾಲರಿಗೆ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸಿ, ಮಗ್ಗಿಗಳನ್ನು ರಾಗವಾಗಿ ಹೇಳಿಸಿ, ಅಮರಕೋಶದ ಕೆಲವು ಭಾಗವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅವರ ಉಪಕಾರವನ್ನು ಮರೆಯಬಾರದು. ಸರಕಾರವು ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿ ಅಕ್ಷರದ ಬೀಜವನ್ನು ಕಾಯ್ದಿಟ್ಟವರು ಅವರೇ. ಆದರೆ ಅರ್ಥ ತಿಳಿಸಿ ಓದಿಸುವುದು, ವರ್ಗಗಳನ್ನು ವಿಂಗಡಿಸಿ ಒಬ್ಬನೇ ನಾಲ್ಕು ವರ್ಗಗಳನ್ನು ಹೊತ್ತಿಗೆ ಸರಿಯಾಗಿ ನಡೆಯಿಸುವುದು, ನಕಾಶೆಯನ್ನು ತೋರಿಸಿ ಭೂಗೋಳ ಹೇಳುವುದು, ಛಡಿಯ ಭಯವಿಲ್ಲದೆ ಮಕ್ಕಳ ಲಕ್ಷ್ಯವನ್ನು ಸೆಳೆಯುವುದು ಇವುಗಳನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಓದುಬರಹ ಬಲ್ಲವನೆಲ್ಲ ಕಲಿಸಬಲ್ಲನೆಂಬ ನಂಬಿಕೆಯು ಆಗ ಸಾರ್ವತ್ರಿಕವಾಗಿತ್ತು. ಈಗಲೂ ಪೂರ್ಣವಾಗಿ ಅಳಿದಿಲ್ಲ.

ಇಂಥ ಸಮಯದಲ್ಲಿ, ೧೮೬೦ರ ದಶಕದ ಆರಂಭದಲ್ಲಿ, ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾದರು. ಇದೇ ಮುಂದೆ ಟ್ರೇನಿಂಗ್ ಕಾಲೇಜೆಂದು ನಾಡೆಲ್ಲ ಪ್ರಸಿದ್ಧವಾಯಿತು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿದ್ದಿಲ್ಲ. ಆ ಕಾಲದ ಮುಂಬಯಿ ಇಲಾಖೆಯ ಇಂಥ ಶಾಲೆಗಳ ಕ್ರಮವನ್ನು ಸ್ವಲ್ಪ ವಿವರಿಸಿದರೆ ಇಂದಿನ ನಮ್ಮ ಸಹೋದರಿಯರಿಗೆ ಸ್ವಾರಸ್ಯವೆನಿಸೀತು. ಹಳ್ಳಿಗಳಿಂದ ಆರಿಸಿ ಬಂದ ತರುಣರಿಗೆ ಸರಕಾರವು ತಿಂಗಳಿಗೆ ಅಲ್ಪ ವಿದ್ಯಾರ್ಥಿವೇತನವನ್ನು ಕೊಡುತ್ತಿದ್ದಿತು. ಅದಕ್ಕೆ ಪ್ರತಿಯಾಗಿ ಅವರು ಕಲಿತಾದ ಮೇಲೆ ವಿದ್ಯಾಖಾತೆಯಲ್ಲಿ ಕೆಲಸ ಮಾಡುವೆವೆಂದು ಕರಾರು ಬರೆದುಕೊಡಬೇಕಾಗಿತ್ತು. ಭಾಷೆ, ವ್ಯಾಕರಣ, ಅಂಕಗಣಿತ, ಭೂಮಿತಿ, ಇತಿಹಾಸ, ಭೂಗೋಳಗಳೊಡನೆ ಶಾಲೆಯನ್ನು ನಡೆಯಿಸುವ ಪದ್ಧತಿಯೂ ಒಂದು ಪಾಠವಾಗಿದ್ದಿತು. ಕಾಲೇಜಿಗೆ ಹೊಂದಿಕೊಂಡು ಸಣ್ಣ ಮಕ್ಕಳ ಅಭ್ಯಾಸಶಾಲೆಯೊಂದಿರುತ್ತಿತ್ತು. ಅಲ್ಲಿ ವಿದ್ಯಾರ್ಥಿಯು ನಿಜವಾದ ಮಕ್ಕಳ ಎದುರಿಗೆ ನಿಂತು ಪಾಠ ಹೇಳಬೇಕು. ಹಿರಿಯರು ಕುಳಿತು ನೋಡಿ ಅವನ ಗುಣದೋಷಗಳನ್ನು ತಿಳಿಸಬೇಕು. ಕಡೆಗೆ ಪರೀಕ್ಷೆಯಾಗಿ ಯೋಗ್ಯತೆಗೆ ತಕ್ಕ ಸರ್ಟಿಫಿಕೇಟು ದೊರೆಯುತ್ತಿತ್ತು. ಮುಂದಿನ ಕಾಲದಲ್ಲಿ ಒಂದು ವರ್ಷ, ಎರಡು ವರ್ಷ, ಮೂರು ವರ್ಷ ಕಲಿತು ತೇರ್ಗಡೆಯಾದವರನ್ನು ಬೇರೆಬೇರೆಯಾಗಿ ಗಣಿಸಿ, ಅವರವರ ಸರ್ಟಿಫಿಕೇಟಿಗೆ ತಕ್ಕಂತೆ ಪಗಾರವನ್ನು ನಿಗದಿಮಾಡುತ್ತಿದ್ದರು. ಹಳ್ಳಿಯ ಜನರು ಸಹ ಬಂದ ಮಾಸ್ತರನು ಬರಿ ಮುಲ್ಕಿ ಪಾಸಾದವನೋ ಟ್ರೇನ್ಡ್ ಆದವನೋ ಎಂದು ವಿಚಾರಿಸಿಕೊಳ್ಳುತ್ತಿದ್ದರು. ಮುಲ್ಕಿ ಎಂದರೆ ದೇಶಭಾಷೆಯ ಶಾಲೆಯ ಕೊನೆಯ ಪರೀಕ್ಷೆ. ಅದು ಕಲಿತದ್ದಕ್ಕೆ ಸಾಕ್ಷಿ. ಟ್ರೇನಿಂಗ್ ಕಾಲೇಜಿನ ಸರ್ಟಿಫಿಕೇಟಾದರೋ ಕಲಿಸಬಲ್ಲನೆಂಬುದಕ್ಕೆ ಸಾಕ್ಷಿ. ಈ ಎರಡರ ಅಂತರವು ಜನರ ಮನಸ್ಸಿನಲ್ಲಿ ನೆಲೆಗೊಂಡದ್ದೇ ಒಂದು ದೊಡ್ಡ ಲಾಭ.

ಚನ್ನಬಸಪ್ಪನವರ ಮುಂದಿದ್ದ ಕೆಲಸವು ಪುಣೆಯ ನಾರ್ಮಲ್ ಶಾಲೆಯವರ ಕೆಲಸಕ್ಕಿಂತ ಕಷ್ಟತರವಾಗಿತ್ತು. ಅಲ್ಲಿ ಮರಾಠಿಯಲ್ಲಿ ಪುಸ್ತಕಗಳಿದ್ದವು. ಇಲ್ಲಿ ಪುಸ್ತಕಗಳನ್ನೇ ಹೊಸದಾಗಿ ಮಾಡಿಸಬೇಕಾಗಿತ್ತು. ಗಣಿತದ, ಭೂಗೋಳದ ಮಾತುಗಳಿಗೆ ಕನ್ನಡದಲ್ಲಿ ಹೆಸರುಗಳನ್ನು ಗೊತ್ತುಮಾಡಬೇಕಾಗಿತ್ತು. ಬಂದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆಡುವ ಕನ್ನಡ ಚೆನ್ನಾಗಿ ಬರುತ್ತಿದ್ದರೂ ಬರೆಯುವ ಕನ್ನಡ ಬರುತ್ತಿರಲಿಲ್ಲ. ಈ ಕೊರತೆಗಳನ್ನು ಅವರು ಒಂದೊಂದಾಗಿ ತುಂಬತೊಡಗಿದರು. ಕನ್ನಡ ಬಲ್ಲವರನ್ನು ಹುಡುಕಿ ಪುಸ್ತಕ ಬರೆಯಲು ಹಚ್ಚಿದರು. ತಮ್ಮ ಸುತ್ತಲೂ ಕನ್ನಡದ ಅಭಿಮಾನಿಗಳ ಒಂದು ಬಳಗವನ್ನೇ ಕಟ್ಟಿದರು. ಅದೃಷ್ಟವಶಾತ್ ಮೇಲಿನ ಅಧಿಕಾರಿಯಾದ ರಸೆಲ್ ಸಾಹೇಬರು ನ್ಯಾಯದೃಷ್ಟಿಯುಳ್ಳವರಾಗಿದ್ದರು. ಕನ್ನಡ ಜನರಿಗೆ ಕನ್ನಡದಲ್ಲಿಯೇ ಶಿಕ್ಷಣವಾಗಬೇಕೆಂಬ ಮಾತನ್ನು ಅವರು ಮನಗಂಡು ಸರಕಾರಕ್ಕೆ ಮನಗಾಣಿಸಿದರು. ರಸೆಲ್ ಸಾಹೇಬರ ಅಧಿಕಾರ, ಚನ್ನಬಸಪ್ಪನವರ ಉದ್ಯೋಗ ಎರಡೂ ಕೂಡಿದ್ದರಿಂದ ಕಾರ್ಯವು ಕೈಗೂಡಿತು.

ಕಾಲೇಜಿನಿಂದ ಹೊರಬಿದ್ದ ಮಾಸ್ತರನು ಹಳ್ಳಿಗೆ ಹೋದ ಮೇಲೆ ಒಂಟಿಯಾಗುತ್ತಾನೆ, ಕಲಿತದ್ದೂ ತುಕ್ಕುಹಿಡಿಯುತ್ತದೆ. ಇದನ್ನು ತಿಳಿದೇ ಅದೇ ದಶಕದಲ್ಲಿ ಮಾಸ್ತರರಿಗಾಗಿ ಮಠಪತ್ರಿಕೆ ಎಂಬ ಮಾಸಪತ್ರಿಕೆಯು ಹೊರಟಿತು. ಅದರ ಹಿಂದೆ ಚನ್ನಬಸಪ್ಪನವರ ಶ್ರಮವಿದ್ದಿತು. ಮಠವೆಂದರೆ ಇಲ್ಲಿ ಶಾಲೆ. ಕೂಲಿಮಠವೆಂಬ ಹಳೆಯ ಮಾತಿನಲ್ಲಿರುವ ಮಠವೇ ಇದು. ಮುಂದೆ ಶಾಲಾಪತ್ರಿಕೆಯೆಂಬ ಹೆಸರಿನಿಂದ ಈ ಕಾರ್ಯವು ಬೆಳೆದು, ವೆಂಕಟ ರಂಗೋ ಕಟ್ಟಿಯವರಂಥ ವಿದ್ವಾಂಸರ ಕೈಯಲ್ಲಿ ನಡೆಯಿತು. ಟಪಾಲಿನವನು ವಾರಕ್ಕೊಮ್ಮೆ ಬರುವುದೂ ಕಠಿಣವಾಗಿದ್ದ ಊರಿನಲ್ಲಿ ಒಬ್ಬನೇ ಕುಳಿತ ಮಾಸ್ತರನಿಗೆ, ತನ್ನಂತೆಯೇ ದುಡಿಯುವವರು ಇನ್ನೂ ಇದ್ದಾರೆಂಬ ಧೈರ್ಯವನ್ನು ಇಂಥ ಪತ್ರಿಕೆಯು ಕೊಡುತ್ತಿದ್ದಿತು. ಈ ಕಾಲದ ಪುನಶ್ಚೇತನ ತರಗತಿಗಳ ಮೂಲವನ್ನು ಅಲ್ಲಿ ಕಾಣಬಹುದು.

ಬಳಿಕ ಅವರು ಬೆಳಗಾವಿಯ ಕಡೆಗೆ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರರಾದರು. ಆ ಹುದ್ದೆಯ ಹೆಸರೇ ಅವರ ಹೆಸರಿನ ಭಾಗವಾಗಿ ಹೋಯಿತು. ಅವರ ಮೊದಲೂ ಆಮೇಲೂ ಎಷ್ಟೋ ಮಂದಿ ಡೆಪ್ಯುಟಿಗಳಾಗಿ ಹೋದರು. ಆದರೆ ಡೆಪ್ಯುಟಿ ಎಂಬ ಬಿರುದು ನಿಂತದ್ದು ಇವರೊಬ್ಬರ ಹೆಸರಿಗೆ. ಡೆಪ್ಯುಟಿಯ ಕೆಲಸವೆಂದರೆ ವರ್ಷದ ಬಹುಭಾಗ ತಿರುಗಾಟ: ಊರೂರಿಗೆ ಹೋಗಿ ಮಕ್ಕಳ ಪರೀಕ್ಷೆ ನಡೆಯಿಸುವುದು, ಹಾಜರಿಪುಸ್ತಕ ನೋಡುವುದು, ಊರ ಹಿರಿಯರನ್ನು ಕೂಡಿಸಿ ಶಾಲೆಗೆ ಜಾಗ ಕೇಳುವುದು. ಚನ್ನಬಸಪ್ಪನವರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಎಲ್ಲಿ ಜನರ ನುಡಿ ಕನ್ನಡವಾಗಿದ್ದು ಶಾಲೆ ಮರಾಠಿಯಾಗಿತ್ತೋ ಅಲ್ಲಿ ಕನ್ನಡ ಶಾಲೆಯಾಗುವಂತೆ ಪ್ರಯತ್ನಿಸಿದರು. ಅವರು ಮರಾಠಿಯ ದ್ವೇಷಿಗಳೆಂದು ಇದರಿಂದ ತಿಳಿಯಬಾರದು. ಅವರ ಸ್ವಂತ ವಿದ್ಯೆಗೆ ಮರಾಠಿಯೇ ಮೆಟ್ಟಿಲಾಗಿತ್ತು. ಮಗುವಿಗೆ ತಿಳಿಯುವ ನುಡಿಯಲ್ಲಿ ಕಲಿಸಬೇಕೆಂಬುದಷ್ಟೇ ಅವರ ಹಟ. ಧಾರವಾಡದಲ್ಲಿ ತರಬೇತಿಯಾದ ಮಾಸ್ತರರು ಈಗ ಕೈಗೆ ಸಿಗುತ್ತಿದ್ದುದರಿಂದ ಮಾಸ್ತರರಿಲ್ಲವೆಂಬ ಹಳೆಯ ನೆವ ನಿಲ್ಲಲಿಲ್ಲ. ಮೊದಲು ಮಾಸ್ತರರನ್ನು ಸಿದ್ಧಪಡಿಸಿ ಅನಂತರ ಶಾಲೆಗಳನ್ನು ಕೇಳಿದ್ದರಲ್ಲಿಯೇ ಅವರ ದೂರದೃಷ್ಟಿಯಿದೆ. ತಳಪಾಯವಿಲ್ಲದೆ ಗೋಡೆ ಏಳದೆಂಬುದನ್ನು ಇಂಜಿನಿಯರಿಂಗ್ ಕಲಿತವರಿಗೆ ಬೇರೆ ಹೇಳಬೇಕೆ?

ಇಷ್ಟು ಕೆಲಸದ ನಡುವೆಯೂ ಅವರು ಲೇಖನಿಯನ್ನು ಬಿಡಲಿಲ್ಲ. ಶೇಕ್ಸ್‌ಪಿಯರ್ ಕವಿಯ ಕಾಮೆಡಿ ಆಫ್ ಎರರ್ಸ್ ಎಂಬ ನಾಟಕವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಅದು ೧೮೭೧ರಲ್ಲಿ ಹೊರಬಂದಿತು. ಶೇಕ್ಸ್‌ಪಿಯರನು ಕನ್ನಡಕ್ಕೆ ಬಂದ ಮೊದಮೊದಲಿನ ಪ್ರಯತ್ನಗಳಲ್ಲಿ ಅದೊಂದು. ಒಂದೇ ರೂಪದ ಅವಳಿ ಒಡೆಯರು, ಒಂದೇ ರೂಪದ ಅವಳಿ ಸೇವಕರು, ಇವರಿಂದಾಗುವ ಗೊಂದಲ ಇವೇ ಅದರ ವಸ್ತು. ಗಂಭೀರ ಸ್ವಭಾವದ ವಿದ್ಯಾಧಿಕಾರಿಗಳು ಇಂಥ ನಗೆಯ ಕಥೆಯನ್ನು ಆರಿಸಿಕೊಂಡದ್ದೇಕೆಂದು ಕೆಲವರಿಗೆ ಆಶ್ಚರ್ಯವೆನಿಸಬಹುದು. ಆಗತಾನೆ ಓದಲು ಕಲಿತ ಜನರಿಗೆ ಓದುವ ರುಚಿಯನ್ನು ಹತ್ತಿಸಬೇಕಾದರೆ ನಗಿಸುವ ಕಥೆಗಿಂತ ಒಳ್ಳೆಯ ಉಪಾಯ ಯಾವುದು?

ಈಗ ನಮ್ಮ ನಾಲ್ಕು ತಾಲೂಕುಗಳ ಕಡೆಗೆ ತಿರುಗೋಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇವು ೧೮೬೪ರಲ್ಲಿ ಹೊಸದಾಗಿ ಏರ್ಪಟ್ಟ ಕಲಾದಗಿ ಜಿಲ್ಲೆಗೆ ಸೇರಿದವು. ೧೮೮೫ರಲ್ಲಿ ಜಿಲ್ಲೆಯ ಮುಖ್ಯಸ್ಥಳವು ವಿಜಾಪುರಕ್ಕೆ ಬಂದಿತು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿಯ ಸಾಲು ಬೆಳೆದ ವರ್ಷ ಓಣಿ ಓಣಿಗೆ ಜೋಳ. ಮಳೆ ಹೋದ ವರ್ಷ ಕಣಜವೂ ಬರಿದು, ಬಾವಿಯೂ ಬರಿದು. ಧಾರವಾಡದಿಂದ ಇಂಡಿಗೆ ನೂರೈವತ್ತು ಮೈಲಿಗಳಿಗೆ ಕಡಿಮೆಯಿಲ್ಲ. ಹೋಟಗಿಯಿಂದ ಗದಗಿಗೆ ಹೋಗುವ ರೈಲು ೧೮೮೪ರಲ್ಲಿ ಆದದ್ದು. ಅದಕ್ಕೆ ಮೊದಲು ಎತ್ತಿನ ಗಾಡಿ, ಇಲ್ಲವೇ ಕಾಲುನಡಿಗೆ. ಮಳೆಗಾಲದಲ್ಲಿ ಎರೆಯ ನೆಲದಲ್ಲಿ ಗಾಲಿಯೂ ಹೂಳುತ್ತದೆ, ಕಾಲೂ ಹೂಳುತ್ತದೆ. ಅಷ್ಟು ದೂರ ನಡೆದು ಹೋಗಿ, ಕಲಿತು, ಮರಳಿ ಅಷ್ಟೇ ದೂರ ನಡೆದು ಬಂದು, ಹನುಮಂತದೇವರ ಗುಡಿಯ ಪಡಸಾಲೆಯಲ್ಲಿಯೋ ಊರ ಚಾವಡಿಯಲ್ಲಿಯೋ ಶಾಲೆ ಹೂಡುವವನಿಗೆ ಪಗಾರಕ್ಕಿಂತ ಹೆಚ್ಚಿನದೊಂದು ಬಲವು ಬೇಕು. ಆ ಬಲವು ಗುರುವಿನಿಂದ ಬರುತ್ತದೆ.

ಚನ್ನಬಸಪ್ಪನವರ ಜೀವಿತದ ಕೊನೆಯ ವರ್ಷಗಳಲ್ಲಿ ನಾಡಿನ ಮೇಲೆ ಮಹಾ ವಿಪತ್ತು ಬಂದೆರಗಿತು. ೧೮೭೬ರಿಂದ ೧೮೭೮ರವರೆಗಿನ ಬರಗಾಲವು ಕಲಾದಗಿ ಜಿಲ್ಲೆಯನ್ನು ಅತಿ ಭಯಂಕರವಾಗಿ ಹೊಡೆಯಿತು. ೧೮೭೨ರ ಖಾನೇಸುಮಾರಿಯಲ್ಲಿ ೮ ಲಕ್ಷಕ್ಕೆ ಮೇಲ್ಪಟ್ಟಿದ್ದ ಜಿಲ್ಲೆಯ ಜನಸಂಖ್ಯೆ ೧೮೮೧ರಲ್ಲಿ ಸುಮಾರು ೬ ಲಕ್ಷ ೪೦ ಸಾವಿರಕ್ಕೆ ಇಳಿಯಿತೆಂದರೆ ಉಳಿದದ್ದನ್ನು ಊಹಿಸಿಕೊಳ್ಳಬಹುದು. ಜನರು ಬರಗಾಲದ ಕಾಮಗಾರಿಗಳ ಕಡೆಗೂ ಪರಸ್ಥಳಗಳಿಗೂ ಹೊರಟುಹೋದರು. ಹಲಗೆ ಬಳಪ ಹಿಡಿಯಬೇಕಾದ ಕೈಗಳು ಕಲ್ಲು ಹೊತ್ತವು. ಹತ್ತು ಹದಿನೈದು ವರ್ಷ ಕಷ್ಟಪಟ್ಟು ನೆಟ್ಟ ಸಸಿಗಳನ್ನು ಬಿಸಿಲು ಹೀಗೆ ಬಡಿಯಿತು. ಶಾಲೆಗಳು ಮತ್ತೆ ಚಿಗುರುವುದನ್ನು ಪೂರ್ಣವಾಗಿ ನೋಡುವ ಭಾಗ್ಯವು ಅವರಿಗೆ ಇರಲಿಲ್ಲ. ೧೮೮೧ರ ಜನವರಿಯಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಅವರು ಕಾಲಾಧೀನರಾದರು.

ಆದರೆ ಬೇರು ಗಟ್ಟಿಯಾಗಿದ್ದ ಗಿಡವು ಬರಗಾಲದಿಂದ ಸಾಯಲಿಲ್ಲ. ೧೮೮೨ರಲ್ಲಿ ಹಂಟರ್ ಸಾಹೇಬರ ಆಯೋಗವು ದೇಶದ ಶಿಕ್ಷಣವನ್ನು ವಿಚಾರಿಸಿ ಪ್ರಾಥಮಿಕ ಶಾಲೆಗಳಿಗೂ ಮಾಸ್ತರರ ತರಬೇತಿಗೂ ಒತ್ತುಕೊಟ್ಟಿತು. ೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಕನ್ನಡ ಕಲಿತ ಒಂದು ಪೀಳಿಗೆ ಸಿದ್ಧವಾಗಿರದಿದ್ದರೆ ಅಂಥ ಸಂಘಕ್ಕೆ ಓದುಗರೆಲ್ಲಿಂದ ಬರುತ್ತಿದ್ದರು? ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು, ಕಾದಂಬರಿಗಳಿಂದ ಮನೆಮಾತಾದ ಗಳಗನಾಥರು ಇಬ್ಬರೂ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಶಾಲಾಮಾಸ್ತರಿಕೆ ಮಾಡಿದವರು. ನಮ್ಮ ಸೀಮೆಯನ್ನೇ ನೋಡಿದರೆ, ಆಗ ಇಂಡಿ ತಾಲೂಕಿಗೆ ಸೇರಿದ್ದ ಚಡಚಣದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದುಕೊಂಡೇ ಜನಪದ ಸಾಹಿತ್ಯದ ಸೇವೆ ಮಾಡಿದರು. ಹಲಸಂಗಿಯ ಮಧುರಚೆನ್ನರೂ ಅವರ ಗೆಳೆಯರೂ ಕೂಡಿ ೧೯೩೧ರಲ್ಲಿ ಗರತಿಯ ಹಾಡು ಎಂಬ ಸಂಗ್ರಹವನ್ನು ಬೆಳಕಿಗೆ ತಂದಾಗ, ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ಅಕ್ಷರವರಿಯದ ಹೆಣ್ಣುಮಕ್ಕಳ ನುಡಿಯು ಅಚ್ಚಿನಲ್ಲಿ ನಿಂತಿತು. ಸಿರಸಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ಬಾಳನ್ನು ಮೊದಲುಮಾಡಿದ ಹರ್ಡೇಕರ ಮಂಜಪ್ಪನವರು ಮುಂದೆ ಕೃಷ್ಣೆಯ ದಡದ ಆಲಮಟ್ಟಿಯಲ್ಲಿ, ಅಂದಿನ ಬಾಗೇವಾಡಿ ತಾಲೂಕಿನಲ್ಲಿ, ವಿದ್ಯಾಲಯವನ್ನು ಕಟ್ಟಿದರು. ಇವರೆಲ್ಲ ಚನ್ನಬಸಪ್ಪನವರನ್ನು ಕಂಡವರೆಂದು ಹೇಳುವುದಲ್ಲ. ಅವರು ತೋಡಿದ ಬಾವಿಯ ನೀರನ್ನು ಉಂಡವರು.

ಹೆಣ್ಣುಮಕ್ಕಳ ಮಾತೇನೆಂದು ನಮ್ಮ ಸಹೋದರಿಯರು ಕೇಳುವುದು ನ್ಯಾಯವೇ. ಆ ಮೊದಲ ನಾರ್ಮಲ್ ಶಾಲೆಯು ಗಂಡಸರಿಗಾಗಿ ಇದ್ದದ್ದು. ಹೆಣ್ಣುಮಕ್ಕಳ ಶಾಲೆಗೆ ಹೆಣ್ಣು ಶಿಕ್ಷಕಿ ಬೇಕು, ಶಿಕ್ಷಕಿಯಾಗಲು ಮೊದಲು ಶಾಲೆಯಲ್ಲಿ ಕಲಿತ ಹೆಣ್ಣು ಬೇಕು. ಬೀಜ ಮೊದಲೋ ಮರ ಮೊದಲೋ ಎಂಬಂಥ ತೊಡಕು ಇದು. ೧೮೬೬ರಲ್ಲಿ ಹಿಂದುಸ್ಥಾನಕ್ಕೆ ಬಂದ ಮೇರಿ ಕಾರ್ಪೆಂಟರ್ ಅಮ್ಮನವರು ಈ ತೊಡಕನ್ನು ಬಿಡಿಸಲು ಸ್ತ್ರೀಯರಿಗಾಗಿ ನಾರ್ಮಲ್ ಶಾಲೆಗಳು ಬೇಕೆಂದು ಅಧಿಕಾರಿಗಳಲ್ಲಿ ವಾದಿಸಿದರು. ಆರಂಭದಲ್ಲಿ ತರಬೇತಿಗೆ ಬರಲು ಧೈರ್ಯಮಾಡಿದವರು ಮಾಸ್ತರರ ಹೆಂಡಂದಿರು, ವಿಧವೆಯರು, ಕ್ರೈಸ್ತ ಮನೆತನಗಳ ಹೆಣ್ಣುಮಕ್ಕಳು. ಊರವರ ಕುಹಕವನ್ನು ಸಹಿಸಿ ಅವರು ಇಟ್ಟ ಹೆಜ್ಜೆಯಿಂದಲೇ ನಮಗೆ ದಾರಿಯಾಯಿತು. ಮಿಶನ್ ಶಾಲೆಗಳು ಆ ದಾರಿಯಲ್ಲಿ ಮಾಡಿದ ಸೇವೆಯನ್ನು ಈ ಸಂಚಿಕೆಯ ವಾಚಕರಿಗೆ ವಿಸ್ತರಿಸಿ ಹೇಳಬೇಕಾದದ್ದಿಲ್ಲ.

ಕಾಲ ಬದಲಾಯಿತು. ೧೯೫೬ರಲ್ಲಿ ನಮ್ಮ ಜಿಲ್ಲೆಯು ಕನ್ನಡ ರಾಜ್ಯದಲ್ಲಿ ಕೂಡಿತು. ೨೦೧೪ರಲ್ಲಿ ವಿಜಯಪುರವೆಂಬ ಹೆಸರನ್ನು ಪಡೆಯಿತು. ನಾರ್ಮಲ್ ಶಾಲೆಯ ಸರ್ಟಿಫಿಕೇಟು ಹೋಗಿ ಟಿ.ಸಿ.ಎಚ್. ಬಂದಿತು; ಅದು ಹೋಗಿ ಡಿ.ಎಡ್. ಬಂದಿತು, ಈಗ ಪಿಯುಸಿಯಾದ ಮೇಲೆ ಎರಡು ವರ್ಷದ ಡಿ.ಎಲ್.ಎಡ್. ಇದೆ. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ತರುವಾಯ ಅರ್ಹತಾ ಪರೀಕ್ಷೆಯೂ ಬಂದಿತು. ಆರರಿಂದ ಎಂಟನೆಯ ತರಗತಿಗಳಿಗೆ ಪದವೀಧರರನ್ನೇ ನೇಮಿಸುವ ಕ್ರಮವೂ ನಡೆದಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೨೦೩೦ರ ಹೊತ್ತಿಗೆ ಶಿಕ್ಷಕರಿಗೆಲ್ಲ ನಾಲ್ಕು ವರ್ಷದ ಬಿ.ಎಡ್. ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದು ಉದ್ದೇಶಿಸಿದೆ. ಈ ನಡುವೆ ೨೦೨೩ರ ಆಗಸ್ಟ್ ತಿಂಗಳಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಒಂದು ಮಹತ್ವದ ತೀರ್ಪನ್ನು ಕೊಟ್ಟಿತು. ಪದವಿಯ ಮೇಲೆ ಬಿ.ಎಡ್. ಮಾಡಿದವರಾದರೂ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಕಲಿಸಲು ಅಷ್ಟರಿಂದಲೇ ಅರ್ಹರಾಗರೆಂದೂ ಎಳೆಯ ಮಕ್ಕಳಿಗೆ ಕಲಿಸುವುದು ಬೇರೊಂದು ವಿದ್ಯೆಯೆಂದೂ ಅದಕ್ಕೆ ಅದರದೇ ತರಬೇತಿ ಬೇಕೆಂದೂ ಆ ತೀರ್ಪಿನ ಸಾರಾಂಶ. ಪದವಿಗಾಗಿ ವರ್ಷಗಟ್ಟಲೆ ಓದಿ ಆಸೆಯಿಟ್ಟುಕೊಂಡಿದ್ದ ಅನೇಕ ತರುಣ ತರುಣಿಯರಿಗೆ ಇದರಿಂದ ನೋವಾದದ್ದು ಸಹಜ. ಆ ನೋವನ್ನು ಹಗುರವಾಗಿ ಕಾಣಬಾರದು. ಆದರೆ ತತ್ತ್ವವನ್ನು ನೋಡಿದರೆ, ಧಾರವಾಡದ ಆ ಅಭ್ಯಾಸಶಾಲೆಯು ಸಾರುತ್ತಿದ್ದದ್ದೂ ಇದನ್ನೇ. ಹೆಚ್ಚು ಬಲ್ಲವನು ಹೆಚ್ಚು ಚೆನ್ನಾಗಿ ಕಲಿಸುವನೆಂಬ ನಿಯಮವಿಲ್ಲ. ಚಿಕ್ಕ ಮಗುವಿನ ಎದುರಿಗೆ ಬಾಗಿ ಕುಳಿತುಕೊಳ್ಳುವುದನ್ನು ಬೇರೆಯಾಗಿಯೇ ಕಲಿಯಬೇಕು.

ಆದುದರಿಂದ ಮಗಳನ್ನು ಶಿಕ್ಷಕಿಯನ್ನಾಗಿ ಮಾಡಬೇಕೆನ್ನುವ ತಂದೆತಾಯಿಗಳಲ್ಲಿ ಒಂದು ಬಿನ್ನಹ. ಸರ್ಟಿಫಿಕೇಟನ್ನು ನೌಕರಿಯ ರಹದಾರಿಯೆಂದು ಮಾತ್ರ ತಿಳಿಯಬೇಡಿರಿ. ಯಾವ ಕೋರ್ಸಿನಿಂದ ಯಾವ ತರಗತಿಗೆ ಅರ್ಹತೆ ಬರುತ್ತದೆಂಬುದನ್ನು ಫೀ ಕಟ್ಟುವ ಮೊದಲೇ ವಿಚಾರಿಸಿರಿ. ಸಣ್ಣ ಮಕ್ಕಳ ಶಾಲೆಯ ಕೆಲಸ ದೊಡ್ಡ ಮಕ್ಕಳ ಶಾಲೆಯ ಕೆಲಸಕ್ಕಿಂತ ಕೀಳೆಂದು ಮಗಳ ಎದುರಿಗೆ ಆಡಬೇಡಿರಿ. ಇಂಡಿಯ, ಸಿಂದಗಿಯ ಬಯಲಿನ ಶಾಲೆಗಳಲ್ಲಿ, ಮುದ್ದೇಬಿಹಾಳದ, ಬಾಗೇವಾಡಿಯ ಹೊಳೆದಂಡೆಯ ಊರುಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಮಾತು. ನಿಮ್ಮ ತರಗತಿಯಲ್ಲಿ ಇವತ್ತು ಅಕ್ಷರ ತಿದ್ದುವ ಮಗುವಿಗೆ ಚನ್ನಬಸಪ್ಪನವರ ಹೆಸರು ತಿಳಿಯದು. ನಾಳೆ ನಿಮ್ಮ ಹೆಸರನ್ನೂ ಅದು ಮರೆತೀತು. ಆದರೆ ಅದು ತನ್ನ ನುಡಿಯಲ್ಲಿ ತಾನೇ ಒಂದು ಸಾಲನ್ನು ಓದಿ ಅರ್ಥಮಾಡಿಕೊಂಡ ಗಳಿಗೆಯಲ್ಲಿ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಧಾರವಾಡದಲ್ಲಿ ಕೆಲವು ಹಳ್ಳಿಯ ತರುಣರ ಮುಂದೆ ನಿಂತು ಪಾಠ ಮೊದಲುಮಾಡಿದ ಆ ಪುರುಷರ ಶ್ರಮವು ಮತ್ತೊಮ್ಮೆ ಸಾರ್ಥಕವಾಗುತ್ತದೆ.